ಛತ್ರದ ಕೋಡುಬಳೆ

ಮಹಾರಾಜರ ಕಾಲದಲ್ಲಿ ಮಧುಗಿರಿ ಕೋಟೆ ಬೆಟ್ಟದ ಕೆಳಗೆ ಸೆಟ್ಟರೊಬ್ಬರು ದಿಕ್ಕಿಲ್ಲದ ಮುದುಕರಿಗೆ ಅಂತ ಛತ್ರ ಕಟ್ಟಿಸಿದ್ರು. ನಾನಲ್ಲಿ ಮುದ್ದೆ ತಿರುವೋ ಕೆಲಸಕ್ಕಿದ್ದೆ. ಅಲ್ಲಿ ಬಾಯ್ತುಂಬ ಹಲ್ಲಿದ್ದೋನು ಅಂದ್ರೆ ಪಾರುಪತ್ಯಗಾರ ಒಬ್ಬನೇ. ಛತ್ರದ ಉಸ್ತುವಾರಿ ಅವನದು. ಊಟದ ಹೊತ್ತಿಗೆ ಎಲೆಅಡಿಕೆ ಅಗೀತಾ ಪಂಕ್ತಿ ಮುಂದೆ ಓಡಾಡೋದೇ ಅವನ ಉಸ್ತುವಾರಿ.

ಬುಕ್ಕಾಪಟ್ಟಣದ ಕಡೆಯ ಕುರಿ ಕಾಯೋರ ಅಜ್ಜಿ ಒಬ್ಬಳಿದ್ದಳು. ಬಂದಾಗ ಗಟ್ಟಿಮುಟ್ಟಾಗಿದ್ದೋಳು, ಬರ್ತಾ ಬರ್ತಾ ಗೋಡೆ ಹಿಡಿದು ನಡೆಯೋ ಹಂಗಾದಳು. ಮುದ್ದೆ ಮುರಿದು ಬಾಯಿಗಿಡೋದು, ಮುಖ ಕಿವುಚೋದು, ಸೆರಗಿಗೆ ಉಗಿಯೋದು. ಅಜ್ಜಿ ಉಣ್ತಿಲ್ಲ ಅಂತ ನಾನಂದ್ರೆ ಪಾರುಪತ್ಯಗಾರ ನಕ್ಕ. ಮುದ್ದೆ ನುಂಗೋ ಪದಾರ್ಥ, ಅದಕ್ಕೆ ಹಲ್ಲು ಯಾಕಮ್ಮಿ, ಅವಳಿಗೆ ಕೊಬ್ಬು ಅಂದ. ಊರಿಗೆಲ್ಲ ಇದೇ ಬುದ್ಧಿ. ಬಾಯಿ ಹುಣ್ಣಾಗಿ ಎಂಜಲೇ ಒಣಗಿದ್ರೆ ಬಿಸಿ ಮುದ್ದೆ ಗಂಟಲಿಗೆ ಇಳಿಯುತ್ತಾ?

ಹಬ್ಬ ಬಂದ್ರೆ ಇನ್ನೂ ಚೆಂದ. ಸೆಟ್ಟರ ಹೆಂಡತಿ ಪುಣ್ಯಕ್ಕೆ ಅಂತ ಕೋಡುಬಳೆ ಮಾಡಿಸಿ ತರೋಳು. ಅಗಿದ್ರೆ ನನ್ನ ದವಡೇನೇ ನೋಯೋದು, ಅಷ್ಟು ಗಟ್ಟಿ. ಎಲೆ ಮೇಲೆ ಏನಾದ್ರೂ ಉಳಿದ್ರೆ ಕೊಟ್ಟೋರಿಗೆ ಪುಣ್ಯ ಸೇರಲ್ಲ ಅಂತ ಆಯಮ್ಮನ ನಂಬಿಕೆ. ಅದಕ್ಕೇ ಮುದುಕರೆಲ್ಲ ಕೋಡುಬಳೆ ಮಡಿಲಿಗೆ ಸೇರಿಸ್ಕೊಂಡು, ಎಲೆ ಒರೆಸಿ ಹರಸೋರು. ಆಮೇಲೆ ಅದನ್ನ ತಿಂತಿದ್ದದ್ದು ಹಿತ್ತಲ ನಾಯಿ.

ಆ ವರ್ಷ ಗೌರಿ ಹಬ್ಬಕ್ಕೆ ಅಜ್ಜಿಗೆ ಬಚ್ಚಿಡೋ ತ್ರಾಣವೂ ಇರಲಿಲ್ಲ. ಎಲೆ ಹಂಗೇ ಬಿಟ್ಟು ಕೂತಳು. ಸೆಟ್ಟರ ಹೆಂಡತಿ ಮುಖ ಕಪ್ಪಿಟ್ಟಿತು. ಪಾರುಪತ್ಯಗಾರ, ನಾಳೆಯಿಂದ ನಿನಗೆ ಇಲ್ಲಿ ಎಲೆ ಇಲ್ಲ, ನಿನ್ನ ಹಟ್ಟಿಗೆ ಹೋಗು ಅಂತ ಗದರಿದ. ಅವಳಿಗೆ ಹಟ್ಟಿ ಎಲ್ಲಿತ್ತು? ಆಚೆ ಹಾಕಿದ್ರೆ ದಾರೀಲೇ ಸಾಯೋಳು.

ನನಗೆ ತಡೀಲಿಲ್ಲ. "ಅಮ್ಮಾವ್ರೆ, ಎಲೆ ನೋಡಿದ್ದು ಸಾಕು, ಅವಳ ಬಾಯಿ ನೋಡಿ," ಅಂದೆ.

ಆಯಮ್ಮ ಮೂಗಿಗೆ ಸೆರಗು ಹಿಡಿದು ಬಗ್ಗಿದಳು. ಅಜ್ಜಿ ಬಾಯಿ ತೆಗೆದಳು. ಒಸಡು ಊದಿ ಕೀವು ತುಂಬಿತ್ತು. ಮುರಿದ ಹಲ್ಲೊಂದು ಕೆನ್ನೆ ಒಳಗೆ ಕೊರೆದು ಗಾಯ ಮಾಡಿತ್ತು.

"ಈ ಬಾಯಲ್ಲಿ ಹೆಂಗವ್ವ ಹರಸ್ಲಿ?" ಅಂದಳು ಅಜ್ಜಿ.

ಕರುಣೆ ಬಂತು ಅಂತ ಅಲ್ಲ, ಎಲ್ಲಿ ಶಾಪ ತಟ್ಟೀತೋ ಅನ್ನೋ ಹೆದರಿಕೆಗೆ ಆಯಮ್ಮ ಅಜ್ಜೀನ ಛತ್ರದಲ್ಲೇ ಉಳಿಸಿದಳು. ಹಲ್ಲು ಕೀಳೋನನ್ನ ಕರೆಸಿದಳು. ಅವಳೊಬ್ಬಳಿಗೆ ದಿನಾ ಮಜ್ಜಿಗೆ ಬೆರೆಸಿದ ಅಂಬಲಿ ಕೊಡಿ ಅಂದಳು. ಬಾಯಿ ಮಾಗಿದ ಮೇಲೆ ಅಜ್ಜಿ ಗೋಡೆ ಬಿಟ್ಟು ನಡೆದಳು. ತಾನೇ ಬದುಕಿಸಿದ್ದು ಅಂತ ಪಾರುಪತ್ಯಗಾರ ಬಂದೋರಿಗೆಲ್ಲ ಹೇಳ್ಕೊಂಡ. ಮಿಕ್ಕೋರ ಬಾಯಿ ಮಾತ್ರ ಆಯಮ್ಮನೂ ನೋಡಲಿಲ್ಲ, ಅವನೂ ನೋಡಲಿಲ್ಲ.

ದೀಪಾವಳಿಗೆ ಮತ್ತೆ ಕೋಡುಬಳೆ ಬಂತು. ಈ ಸಲ ಯಾರೂ ಮಡಿಲು ಒಡ್ಡಲಿಲ್ಲ. ಪಂಕ್ತಿ ಉದ್ದಕ್ಕೂ ಎಲೆಗಳ ಮೇಲೆ ಕೋಡುಬಳೆ ಹಂಗೇ ಬಿದ್ದಿತ್ತು. ಮುದುಕರೆಲ್ಲ ಆಯಮ್ಮನ ಮುಖ ನೋಡ್ತಾ ಕೂತರು. ಆಯಮ್ಮ ಪಾರುಪತ್ಯಗಾರನ ಮುಖ ನೋಡಿದಳು. ಅವನು ಬಾಯಲ್ಲಿದ್ದ ಎಲೆಅಡಿಕೆ ಉಗಿದು ನನ್ನ ಕಡೆ ತಿರುಗಿದ.

"ದೊಡ್ಡ ಪಾತ್ರೇಲಿ ಅಂಬಲಿ ಕಾಯಿಸಮ್ಮಿ," ಅಂದ.