ಸ್ಯಾಂಪಲ್ ಫೈಲಿನ ಎರಡು ವರ್ಕರ್‌ಗಳು

ಸ್ನೇಹಿತರೇ, ನಾನು ಬರೆದ ವೆಬ್ ಸರ್ವರ್ ಲೈಬ್ರರಿ, ಅಂದರೆ ಬೇರೆಯವರು ತಮ್ಮ ಸೈಟ್ ನಡೆಸಲು ಬಳಸುವ ಸಿದ್ಧ ಕೋಡ್, ನಿಧಾನವಲ್ಲ. ಇವತ್ತು ರಾಜಾಜಿನಗರಕ್ಕೆ ಹೋಗಿ ಅದನ್ನು ಸಾಬೀತು ಮಾಡಿ ಬಂದೆ. ಮರ್ಯಾದೆ ಸ್ವಲ್ಪ ಹೋಯಿತು, ಅಷ್ಟೆ.

ಕಲ್ಯಾಣ ಮಂಟಪಗಳನ್ನು ಆನ್‌ಲೈನಿನಲ್ಲಿ ಬುಕ್ ಮಾಡಿಸುವ ಸಣ್ಣ ಕಂಪನಿಯೊಂದು ಈ ಲೈಬ್ರರಿಯನ್ನು ಬಳಸುತ್ತದೆ. ಬೆಳಿಗ್ಗೆ ಮುಂದಿನ ವರ್ಷದ ಮುಹೂರ್ತಗಳಿಗೆ ಬುಕಿಂಗ್ ತೆರೆದದ್ದೇ ತಡ, ಅವರ ಸೈಟ್ ತೆವಳತೊಡಗಿತು. ವಿಜಯನಗರದಿಂದ ಆಟೋ ಹಿಡಿದು ಓಡಿದೆ.

ಅಲ್ಲಿನ ಎಂಜಿನಿಯರ್ ಸೌಮ್ಯಾ ಕುದಿಯುತ್ತಿದ್ದರು. "ಹದಿನಾರು ಕೋರ್ ಇರೋ ಹೊಸ ಮಷೀನ್ ಹಾಕಿದೀವಿ ಸಾರ್. ನಿಮ್ಮ ಲೈಬ್ರರಿನೇ ಸ್ಲೋ."

"ಚಾನ್ಸೇ ಇಲ್ಲ. ಸೆಟ್ಟಿಂಗ್ ಬರ್ದಿರೋ ಕಾನ್ಫಿಗ್ ಫೈಲ್ ತೋರ್ಸಿ," ಎಂದೆ.

ಒಂದೇ ಹೊತ್ತಿಗೆ ಕೆಲಸ ಮಾಡಬೇಕಾದ ವರ್ಕರ್‌ಗಳ ಸಂಖ್ಯೆ ಎಂಬಲ್ಲಿ ಎರಡು ಎಂದಿತ್ತು. ಕೋರ್ ಅಂದರೆ ಮಷೀನಿನ ಒಂದೊಂದು ಮಿದುಳು; ಒಂದೊಂದಕ್ಕೂ ಒಬ್ಬ ವರ್ಕರ್ ಬೇಕು. ಉಳಿದ ಹದಿನಾಲ್ಕು ಕೋರ್‌ಗಳು ಗಂಡಿನ ಕಡೆಯವರಂತೆ ಆರಾಮಾಗಿ ಕೂತಿದ್ದವು.

"ಎರಡು ಅಂತ ಯಾವ ಬುದ್ಧಿವಂತ ಹಾಕಿದ್ದು?"

"ನೀವೇ ಸಾರ್. ಲೈಬ್ರರಿ ಜೊತೆ ಬಂದ ನಿಮ್ಮ ಸ್ಯಾಂಪಲ್ ಫೈಲನ್ನೇ ಕಾಪಿ ಮಾಡಿದ್ವಿ. ಪಕ್ಕದಲ್ಲೇ ಬರ್ದಿದೀರ ನೋಡಿ, ನನ್ನ ಹಳೇ ಲ್ಯಾಪ್‌ಟಾಪ್‌ಗೆ ಇಷ್ಟು ಸಾಕು ಅಂತ."

ಎರಡನ್ನು ಹದಿನಾರು ಮಾಡಿದೆ. ಸೈಟ್ ಓಡಿತು. ಮನೆಗೆ ಬಂದವನೇ, ಸಂಖ್ಯೆ ಕೊಡದಿದ್ದರೆ ಲೈಬ್ರರಿಯೇ ಕೋರ್ ಎಣಿಸಿಕೊಳ್ಳುವಂತೆ ತಿದ್ದಿದೆ. ಸ್ಯಾಂಪಲ್ ಫೈಲನ್ನು ಪೂರ್ತಿ ಖಾಲಿ ಮಾಡಿ ಹೊಸ ಆವೃತ್ತಿ ಬಿಟ್ಟೆ. ಇನ್ನು ಯಾರೂ ಏನೂ ತುಂಬಬೇಕಿಲ್ಲ, ತಪ್ಪಾಗುವ ಮಾತೇ ಇಲ್ಲ.

ಈಗಷ್ಟೇ ಕೆಂಗೇರಿಯಿಂದ ಲೈಬ್ರರಿ ಬಳಸುವ ಇನ್ನೊಬ್ಬರು ಮೆಸೇಜ್ ಹಾಕಿದ್ದಾರೆ: "ಸಾರ್, ಸ್ಯಾಂಪಲ್ ಫೈಲ್ ಖಾಲಿ ಬಂದಿದೆ. ಹಳೇದು ಇದ್ರೆ ಕಳ್ಸಿ, ಕಾಪಿ ಮಾಡ್ಕೋತೀವಿ."