ಪಕ್ಕದ ಮನೆಯಿಂದ ಬಂದ ಕಾರು

2018ರ ಜನವರಿ. ವಯನಾಡಿನ ಒಂದು ತಾಲೂಕಿನಲ್ಲಿ ನಾನು ಸಪ್ಲೈ ಆಫೀಸರ್ ಆಗಿದ್ದೆ. ಸುಲಭವಾಗಿ ಹೇಳುವುದಾದರೆ, ಯಾರ ಮನೆಗೆ ಯಾವ ಬಣ್ಣದ ರೇಷನ್ ಕಾರ್ಡ್ ಹೋಗಬೇಕು ಎಂದು ಕೊನೆಯ ಸಹಿ ಹಾಕುವ ಕುರ್ಚಿ ಅದು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ಸಾವಿರಾರು ಸಹಿ ಹಾಕಿದ್ದೇನೆ. ಹೆಚ್ಚಿನವು ಮರೆತುಹೋಗಿವೆ, ಗಾಡ್ ಫರ್ಗಿವ್ ಮಿ. ಇದೊಂದು ಮಾತ್ರ ಮರೆತಿಲ್ಲ.

ಕೇರಳದ ಹೊರಗಿನ ಓದುಗರಿಗೆ ನಮ್ಮ ಬಣ್ಣಗಳ ಲೆಕ್ಕ ಹೇಳಿಬಿಡುತ್ತೇನೆ. ಹಳದಿ ಕಾರ್ಡ್ ಕಡುಬಡವರಿಗೆ. ಪಿಂಕ್ ಕಾರ್ಡ್ ಬಡವರಿಗೆ. ನಮ್ಮ ಆಫೀಸಿನ ಭಾಷೆಯಲ್ಲಿ 'ಪ್ರಯಾರಿಟಿ'. ನೀಲಿ ಮತ್ತು ಬಿಳಿ ಉಳಿದವರಿಗೆ. ಪಿಂಕ್ ಬೇಕಾದರೆ ಕೆಲವು ಗೆರೆಗಳನ್ನು ದಾಟಿರಬಾರದು. ಮನೆಯವರೆಲ್ಲರ ತಿಂಗಳ ವರಮಾನ ಇಪ್ಪತ್ತೈದು ಸಾವಿರ, ಜಮೀನು ಒಂದು ಎಕರೆ, ಮನೆ ಸಾವಿರ ಚದರಡಿ. ಸ್ವಂತಕ್ಕೆ ನಾಲ್ಕು ಚಕ್ರದ ವಾಹನವಂತೂ ಇರಲೇಬಾರದು. ಇವುಗಳಲ್ಲಿ ಒಂದು ಗೆರೆ ದಾಟಿದರೂ ಅರ್ಜಿ ಬಿತ್ತು. ಪಿಂಕ್ ಕಾರ್ಡ್ ಅಂದರೆ ಬರೀ ಅಕ್ಕಿ ಅಲ್ಲ. ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಆ ಕಾರ್ಡ್ ಇಟ್ಟರೆ ಹಲವು ಬಿಲ್ಲುಗಳು ತಾವಾಗಿಯೇ ಇಳಿಯುತ್ತವೆ. ಹಾಗಾಗಿ ಕಾಯಿಲೆ ಇರುವ ಮನೆಗೆ ಅದು ಅಕ್ಕಿಗಿಂತ ದೊಡ್ಡದು.

ಇಂಥ ಕಾರ್ಡಿಗೆ ಜನ ಏನೆಲ್ಲ ನಾಟಕ ಆಡುತ್ತಾರೆ ಅಂತೀರಿ! ನಾವು ತನಿಖೆಗೆ ಬರುತ್ತೇವೆಂದು ಗೊತ್ತಾದರೆ ಸಾಕು, ಕಾರು ಪಕ್ಕದ ಮನೆಯ ಹಟ್ಟಿ ಸೇರುತ್ತದೆ. ಒಮ್ಮೆ ವೆಳ್ಳಮುಂಡದ ಕಡೆ ಹುಲ್ಲಿನ ಬಣವೆಯ ಹಿಂದಿನಿಂದ ಹೊಸ ಕಾರಿನ ಮೂತಿ ಇಣುಕುತ್ತಿತ್ತು. ಮನೆಯ ಯಜಮಾನ ಹರಿದ ಬನಿಯನ್ ತೊಟ್ಟು ಬಂದು ಕೈಮುಗಿದ. ಕೈಯಲ್ಲಿದ್ದ ವಾಚ್ ಬಿಚ್ಚಲು ಮರೆತಿದ್ದ. ಇಂಥವರ ಕಾರ್ಡ್ ರದ್ದು ಮಾಡುವಾಗ ನನಗೆ ಒಂದು ಚೂರೂ ಬೇಸರ ಆಗುತ್ತಿರಲಿಲ್ಲ. ಅವರು ತಿನ್ನುವ ಅಕ್ಕಿ ಇನ್ಯಾರದೋ ಪಾಲಿನದು. ಗೆರೆ ಎನ್ನುವುದು ಇರಲೇಬೇಕು ಎಂದು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ.

ಅನಂತಪ್ಪ ಗೌಡರ ಅರ್ಜಿ ಬಿದ್ದದ್ದು ಎರಡು ಗೆರೆಗಳ ಮೇಲೆ: ಕಾರು ಮತ್ತು ವರಮಾನ.

ಗೌಡರ ಮನೆ ಕೇಣಿಚಿರದಿಂದ ಒಳಗೆ. ನಮ್ಮದೇ ಜೈನ ಸಮುದಾಯದವರು (ವಯನಾಡಿನ ಜೈನರಲ್ಲಿ ಗೌಡ ಎಂಬ ಹೆಸರು ಸಾಮಾನ್ಯ), ಆದರೆ ನನಗೆ ಪರಿಚಯ ಇರಲಿಲ್ಲ. ಅರ್ಧ ಎಕರೆ ಜಮೀನು. ಅದರಲ್ಲಿ ಕರಿಮೆಣಸಿನ ಬಳ್ಳಿ, ನಡುವೆ ಒಂದಿಷ್ಟು ಕಾಫಿ. ಮಕ್ಕಳಿಲ್ಲ, ಗಂಡ, ಹೆಂಡತಿ ಇಬ್ಬರೇ. ಗೌಡರ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಮಾನಂತವಾಡಿಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಅವರ ಕೈಯಲ್ಲಿದ್ದದ್ದು ಬಿಳಿ ಕಾರ್ಡ್. ಆಸ್ಪತ್ರೆಯ ನರ್ಸ್ ಒಬ್ಬಳು ಗದರಿಸಿ ಪಿಂಕಿಗೆ ಅರ್ಜಿ ಹಾಕಿಸಿದ್ದಳು. ಅದು ತಿರಸ್ಕೃತವಾಗಿ, ಹೆಂಡತಿ ಸುಮತಿಯ ಸಹಿಯಲ್ಲಿ ಮೇಲ್ಮನವಿ ನನ್ನ ಮೇಜಿಗೆ ಬಂತು.

ಮೊದಲ ತನಿಖೆಗೆ ಹೋಗಿದ್ದವನು ನಮ್ಮ ಇನ್‌ಸ್ಪೆಕ್ಟರ್ ಬಿನೀಶ್. ಒಳ್ಳೆಯ ಹುಡುಗ, ಕಂಡದ್ದನ್ನು ಕಂಡ ಹಾಗೆ ಬರೆಯುವವನು. ಕರೆದು ಕೇಳಿದೆ.

"ಕಾರು ಇತ್ತಾ?"

"ಇತ್ತು ಮೇಡಂ. ಅಂಗಳದಲ್ಲೇ."

"ಆರ್‌ಸಿ ನೋಡಿದೆಯಾ?"

"ಯಾರದು ಅಂತ ಕೇಳಿದೆ. ನಮ್ಮದೇ, ಕೂತ್ಕೊಳ್ಳಿ ಅಂದರು. ಮತ್ತೆ ಕೇಳೋಕೆ ಬಾಯಿ ಬರಲಿಲ್ಲ ಮೇಡಂ. ಸಂಜೆ ಬರ್ತೀನಿ ಅಂತ ಹೇಳಿ ಹೋಗಿದ್ದೆ, ಊಟ ಬೇರೆ ಹಾಕಿದರು. ತಿಂಗಳಿಗೆ ಮೂವತ್ತು ಸಾವಿರಕ್ಕೆ ಕಡಿಮೆ ಇಲ್ಲ ಅಂತ ಅವರೇ ಹೇಳಿ ಸಹಿ ಮಾಡಿದರು."

ತನ್ನನ್ನು ತಾನೇ ಗೆರೆ ದಾಟಿಸಿಕೊಂಡ ಅರ್ಜಿದಾರನನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ಗೊತ್ತು ಮಾಡಿಕೊಂಡು, ಸಂಜೆ ನಾಲ್ಕೂವರೆಗೆ ಬರುತ್ತೇನೆಂದು ಫೋನ್ ಮಾಡಿಸಿದೆ. ಫೋನ್ ಮಾಡಿಸಿದ್ದರಿಂದಲೇ ಮುಂದಿನದ್ದೆಲ್ಲ ಆಯಿತು.

ಜೀಪು ಇಳಿದಾಗ ಅಂಗಳದಲ್ಲಿ ಬಿಳಿ ಓಮ್ನಿ ವ್ಯಾನ್ ನಿಂತಿತ್ತು, ಆಗತಾನೇ ತೊಳೆದದ್ದು. ಅದರ ಮುಂದಿನ ಗಾಜಿನ ಮೇಲೆ ಹಸಿರು ಅಕ್ಷರದಲ್ಲಿ 'ಮಾಷಾ ಅಲ್ಲಾಹ್' ಎಂಬ ದೊಡ್ಡ ಸ್ಟಿಕರ್. ಬಾಗಿಲ ಚೌಕಟ್ಟಿನ ಮೇಲೆ ತೀರ್ಥಂಕರರ ಫೋಟೋ. ನಾನು ಬಿನೀಶನ ಮುಖ ನೋಡಿದೆ.

"ಸೆಕೆಂಡ್ ಹ್ಯಾಂಡ್ ಅಂದ್ಕೊಂಡೆ ಮೇಡಂ," ಎಂದು ಅವನು ಪಿಸುಗುಟ್ಟಿದ.

ಜಗಲಿಯಲ್ಲಿ ನಾಲ್ಕು ನೀಲಿ ಪ್ಲಾಸ್ಟಿಕ್ ಕುರ್ಚಿ. ಅವುಗಳ ಬೆನ್ನಿಗೆ ಮದ್ರಸಾದ ಹೆಸರು ಪೇಂಟಿನಲ್ಲಿ ಬರೆದಿತ್ತು. ಗೌಡರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಷರಟು ತೊಟ್ಟು, ಗೋಡೆ ಹಿಡಿದು ಎದ್ದು ನಿಂತಿದ್ದರು. ಮುಖ ಊದಿತ್ತು. ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗಕ್ಕೆ ಬ್ಯಾಂಡೇಜ್.

"ಬನ್ನಿ ಅಮ್ಮಾ, ಬನ್ನಿ. ದೊಡ್ಡ ಆಫೀಸರು ನಮ್ಮನೆ ತನಕ ಬಂದಿರಿ. ಮೊದಲು ಕೂತ್ಕೊಳ್ಳಿ."

ಕೂತೆ. ಆ ಗಳಿಗೆಯಲ್ಲಿ ನನ್ನ ಅಮ್ಮ ನೆನಪಾದಳು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಮ್ಮ ನಾಲ್ಕು ಮನೆ ಸುತ್ತಿ ಹಿತ್ತಾಳೆ ಲೋಟ, ಕಸೂತಿಯ ಮೇಜುಬಟ್ಟೆ, ಗೋಡೆ ಗಡಿಯಾರ ಎಲ್ಲ ಎರವಲು ತಂದಿದ್ದಳು. ಗಡಿಯಾರ ನಡೆಯುತ್ತಿರಲಿಲ್ಲ, ಅದು ಬೇರೆ ಮಾತು. ಮನೆಗೆ ಬಂದವರ ಎದುರು ಮನೆ ತುಂಬಿರಬೇಕು. ನಮ್ಮವರಿಗೆ ಇದು ಸುಳ್ಳಲ್ಲ, ಮ್ಯಾನರ್ಸ್. ಗೌಡರ ಮನೆಯಲ್ಲಿ ಸರ್ಕಾರವನ್ನೂ ಹಾಗೆಯೇ ಬರಮಾಡಿಕೊಂಡಿದ್ದರು. ಮೊದಲ ಸಲ ಇನ್‌ಸ್ಪೆಕ್ಟರ್ ಬಂದಿದ್ದಾಗ ಕುರ್ಚಿ ಎರಡೇ ಇತ್ತಂತೆ. ಆಫೀಸರಿಗೆ ನಾಲ್ಕು.

ಕಾರು ದೊಡ್ಡ ತೊಡಕಲ್ಲ. ಅದರ ಆರ್‌ಸಿಯಲ್ಲಿ ಯಾರ ಹೆಸರಿದೆ ಎಂದು ನೋಡಿದರೆ ಮುಗಿಯಿತು. ತೊಡಕು ಇದ್ದದ್ದು ಗೌಡರ ಬಾಯಲ್ಲಿ. ವರಮಾನ ಇಷ್ಟೆಂದು ಅವರೇ ಹೇಳಿ ಸಹಿ ಮಾಡಿದ್ದಾರೆ. ಅದು ತಪ್ಪು ಎಂದು ಅವರೇ ಹೇಳಬೇಕು. ನನ್ನ ಕನಿಕರಕ್ಕೆ ಕಾನೂನಿನಲ್ಲಿ ಕಾಲಂ ಇಲ್ಲ.

"ಗೌಡರೇ, ಮೂವತ್ತು ಸಾವಿರ ಎಲ್ಲಿಂದ ಬರುತ್ತೆ?"

"ಕರಿಮೆಣಸು ಅಮ್ಮಾ. ನಮ್ಮ ಮೆಣಸಿಗೆ ಬತ್ತೇರಿ ವ್ಯಾಪಾರಿಗಳು ಮನೆಗೇ ಬರ್ತಿದ್ರು."

"ಬರ್ತಿದ್ರು ಸರಿ. ಈಗ?"

ಗೌಡರು ತೋಟದ ಕಡೆ ಕಣ್ಣು ಹಾಯಿಸಿದರು. ಕುರ್ಚಿಯಿಂದಲೇ ತೋಟ ಕಾಣುತ್ತಿತ್ತು. ಸೊರಗು ರೋಗ ಬಡಿದ ಬಳ್ಳಿಗಳು ಮರಕ್ಕೆ ಒಣಹಗ್ಗದ ಹಾಗೆ ಅಂಟಿಕೊಂಡಿದ್ದವು.

"ಮನೆಯಲ್ಲಿ ಬೇರೆ ಯಾರಾದರೂ ದುಡೀತಾರಾ?"

"ನಮ್ಮ ಮನೆ ಹೆಂಗಸರು ಕೆಲಸಕ್ಕೆ ಹೋಗೋದು ಪದ್ಧತಿ ಇಲ್ಲ," ಎಂದರು, ಥಟ್ಟನೆ, ಸ್ವಲ್ಪ ಗಟ್ಟಿಯಾಗಿ. ಒಳಗೆ ಪಾತ್ರೆಯ ಸದ್ದು ನಿಂತಿತು.

ಅಷ್ಟರಲ್ಲಿ ಬೇಲಿ ದಾಟಿ ಒಬ್ಬ ಹೆಂಗಸು ಬಂದಳು. ತಲೆಗೆ ತಟ್ಟ ಎಂಬ ಮುಸುಕುಬಟ್ಟೆ, ಕಾಲಲ್ಲಿ ಚಪ್ಪಲಿ ಇಲ್ಲ. ಪಕ್ಕದ ಮನೆಯ ಆಮಿನಾ. ಆಕೆ ಆಡಿದ್ದು ಮಲಯಾಳ. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, 'ಚೇಚಿ' ಅಂದರೆ ಅಕ್ಕ.

"ಸುಮತಿ ಚೇಚೀ! ಮುಗೀತಾ? ಅತ್ತೆಗೆ ಉಬ್ಬಸ ಬಂದಿದೆ, ಪನಮರಂ ಡಾಕ್ಟರ ಹತ್ತಿರ ಹೋಗ್ಬೇಕು. ಕಾರಿನ ಕೀ ಕೊಡಿ!" ಆಮೇಲೆ ನಮ್ಮನ್ನು ಕಂಡು ನಾಲಿಗೆ ಕಚ್ಚಿಕೊಂಡಳು. "ಯಾ ಅಲ್ಲಾ. ಇನ್ನೂ ಹೋಗಿಲ್ವಾ ಇವರು!"

ಬಿನೀಶ್ ಕೆಮ್ಮಿದ. ನಗು ತಡೆಯಲು ನಾನು ಬ್ಯಾಗಿನಲ್ಲಿ ಕರ್ಚೀಫ್ ಹುಡುಕಿದೆ. ಗೌಡರು ಜೇಬಿನಿಂದ ಕೀ ತೆಗೆದು ಕೊಟ್ಟರು, ತಲೆ ಎತ್ತಲಿಲ್ಲ. ಆಮಿನಾ ಕೀ ತೆಗೆದುಕೊಂಡಳು. ಹೋಗುವ ಮುಂಚೆ ನನ್ನ ಕಡೆ ತಿರುಗಿ ಹೇಳಿದಳು: "ಮೇಡಂ, ಕಾರು ನಮ್ಮದು. ಆದರೆ ಇವರನ್ನು ಡಯಾಲಿಸಿಸ್‌ಗೆ ಒಯ್ಯುವಾಗ ಅದು ಇವರದೇ. ಗೌಡರು ಸುಳ್ಳು ಹೇಳೋ ಮನುಷ್ಯ ಅಲ್ಲ."

ಓಮ್ನಿ ಹೋದ ಮೇಲೆ ಅಂಗಳ ಬಹಳ ದೊಡ್ಡದಾಗಿ ಕಂಡಿತು.

ಹೊತ್ತು ಇಳಿಯುತ್ತಿತ್ತು. ಒಳಗಿನಿಂದ ಸುಮತಿ ಬಂದಳು. ಐವತ್ತರ ಹೆಂಗಸು, ಬೆರಳ ತುದಿಗಳು ಕಪ್ಪಗೆ ಕಲೆಗಟ್ಟಿದ್ದವು. "ಮೇಡಂ, ನೀವೂ ನಮ್ಮವರೇ ಅಂತ ಕೇಳಿದೆ. ಹೊತ್ತು ಮುಳುಗೋದ್ರೊಳಗೆ ಒಂದು ತುತ್ತು ಊಟ ಮಾಡಿ."

ನಮ್ಮಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ಕತ್ತಲಲ್ಲಿ ಕಾಣದ ಜೀವಕ್ಕೆ ಹಿಂಸೆಯಾಗಬಾರದೆಂದು. ನಾನಂತೂ ಕಾನ್ವೆಂಟ್ ಹಾಸ್ಟೆಲಿನಲ್ಲಿ ಏಳೂವರೆಯ ಬೆಲ್ಲಿಗೆ ಉಂಡು ಬೆಳೆದವಳು. ನನ್ನ ವ್ರತ ಅಲ್ಲಿಯೇ ಕೆಟ್ಟಿತು. ಆದರೆ ಗೌಡರ ಮನೆಯವರು ತಪ್ಪದವರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಬಿನೀಶ್, ಹೋದ ಸಲವೇ ಉಂಡದ್ದು ಸಾಕೆಂದು, ಜೀಪಿನ ಹತ್ತಿರ ಉಳಿದ. ನಾನು ಅಡುಗೆಮನೆಗೆ ಹೋದೆ.

ನೆಲದ ಮೇಲೆ ಒಂದು ಮಣೆ, ಒಂದು ತಟ್ಟೆ. ಅನ್ನ, ಹುರುಳಿ ಸಾರು, ಬಾಳೆಹೂವಿನ ಪಲ್ಯ. ಪಲ್ಯ ಘಮ್ಮೆನ್ನುತ್ತಿತ್ತು. ನಮ್ಮ ಹಾಸ್ಟೆಲಿನ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, "ಗರ್ಲ್ಸ್, ಎ ಲೇಡಿ ನೆವರ್ ಲುಕ್ಸ್ ಇಂಟು ಅನದರ್ಸ್ ಪ್ಲೇಟ್." ಬೇರೆಯವರ ತಟ್ಟೆಯೊಳಗೆ ಇಣುಕಬಾರದು. ನಾನೋ ಸರ್ವೀಸ್ ಪೂರ್ತಿ ಅದನ್ನೇ ಮಾಡಿ ಸಂಬಳ ಎಣಿಸಿದವಳು. ಆದರೆ ಅಲ್ಲಿ ಇಣುಕಲು ಬೇರೆ ತಟ್ಟೆಯೇ ಇರಲಿಲ್ಲ.

"ನೀವು?" ಎಂದೆ.

ಗೌಡರು ಬಾಗಿಲಲ್ಲಿ ನಿಂತಿದ್ದರು. "ನೀವು ಉಣ್ಣಿ ಅಮ್ಮಾ. ನಮ್ಮದು ಆಮೇಲೆ."

ಕಿಟಕಿಯ ಹೊರಗೆ ಬಿಸಿಲು ಹಲಸಿನ ಮರದ ತುದಿಯಲ್ಲಿ ಮಾತ್ರ ಉಳಿದಿತ್ತು. ಬಿನೀಶನಿಗೂ ಹೀಗೆಯೇ ಸಂಜೆ ಒಂದೇ ತಟ್ಟೆ ಹಾಕಿ "ಆಮೇಲೆ" ಅಂದಿರಬೇಕು. ಅವನಿಗೆ ಅದು ಸಹಜ ಮಾತು. ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಉಣ್ಣುತ್ತಾರೆ ಎಂದುಕೊಂಡು ತೃಪ್ತಿಯಿಂದ ಉಂಡು ಎದ್ದಿದ್ದಾನೆ. ನನಗೆ ತುತ್ತು ಎತ್ತಲಾಗಲಿಲ್ಲ.

"ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾವ ಆಮೇಲೆ, ಗೌಡರೇ?"

ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ ನೋಡುವುದು ನನ್ನ ಕೆಲಸದ ಭಾಗವೇ. ಅವತ್ತು ಕೈ ಏಳಲಿಲ್ಲ. ಏಳಬೇಕಾಗಿಯೂ ಇರಲಿಲ್ಲ. ಸುಮತಿ ತಾನೇ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರು ನೆಲದ ಮೇಲೆ ಕೂತಳು.

"ಅಕ್ಕಾ, ಬರ್ಕೊಳ್ಳಿ. ಈ ಮನೇಲಿ ದುಡಿಯೋಳು ನಾನು. ಕಾಫಿ ಕುಯ್ಲಿನ ಕಾಲಕ್ಕೆ ಎಸ್ಟೇಟಿಗೆ ಕೂಲಿಗೆ ಹೋಗ್ತೀನಿ. ಉಳಿದ ತಿಂಗಳು ಸಿಕ್ಕಿದ ಕೆಲಸ. ಇವರಿಗೂ ಗೊತ್ತು. ಹಿಂದಿನ ದಾರೀಲಿ ಹೋಗಿ ಹಿಂದಿನ ದಾರೀಲೇ ಬರ್ತೀನಿ. ಇವರು ಅಷ್ಟು ಹೊತ್ತು ಮುಂದಿನ ಜಗಲೀಲಿ ಕೂತಿರ್ತಾರೆ."

"ಸುಮತೀ," ಎಂದರು ಗೌಡರು.

"ನೀವು ಸುಮ್ಮನಿರಿ. ನಿಮ್ಮ ಮರ್ಯಾದೆ ಉಳೀಬೇಕು ಅಂತ ಇಷ್ಟು ದಿನ ನಾನೂ ಸುಮ್ಮನಿದ್ದೆ. ಮರ್ಯಾದೆ ಉಳಿಸ್ಕೊಳ್ಳೋಕೆ ಮೊದಲು ನೀವು ಉಳೀಬೇಕಲ್ಲ?"

ಗೌಡರು ಬಾಗಿಲ ಚೌಕಟ್ಟಿಗೆ ಒರಗಿಕೊಂಡರು. ಆಮೇಲೆ ನನ್ನನ್ನು ಕೇಳಿದರು, ಮಕ್ಕಳು ಟೀಚರನ್ನು ಕೇಳುವ ದನಿಯಲ್ಲಿ: "ಕೂಲಿ ಅನ್ನೋದರ ಬದಲು ತೋಟದ ಕೆಲಸ ಅಂತ ಬರೀಬಹುದಾ ಅಮ್ಮಾ?"

ಬರೆಯಬಹುದಿತ್ತು. ನಾನು ಹೂಂ ಎನ್ನುವವಳಿದ್ದೆ.

"ಕೂಲಿ ಅಂತಲೇ ಬರೀರಿ ಅಕ್ಕಾ," ಎಂದಳು ಸುಮತಿ. "ಕಾಫಿ ಹಣ್ಣು ನಾನು ಕಿತ್ತದ್ದು, ಕದ್ದದ್ದಲ್ಲ."

ಗೌಡರು ಪೆನ್ನು ಕೇಳಿದರು. ಹೊಸ ಹೇಳಿಕೆಗೆ ಅಡುಗೆಮನೆಯಲ್ಲೇ ಸಹಿಯಾಯಿತು. ಬ್ಯಾಂಡೇಜು ಸುತ್ತಿದ ಕೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಪೂರ್ತಿ ಹೆಸರು ಬರೆದರು. ತಟ್ಟೆಯ ಅನ್ನವನ್ನು ನಾನು ಮೂರು ಪಾಲು ಮಾಡಿದೆ. ಬಿಸಿಲು ಮರದ ತುದಿ ಬಿಡುವ ಮೊದಲು ಮೂವರೂ ಉಂಡೆವು. ಆಫೀಸಿನ ಯಾವ ನಿಯಮದಲ್ಲೂ ಇದಕ್ಕೆ ಜಾಗವಿಲ್ಲ. ಅರ್ಜಿದಾರರ ಮನೆಯಲ್ಲಿ ಉಣ್ಣುವುದು, ಸ್ಟ್ರಿಕ್ಟ್ಲಿ ಸ್ಪೀಕಿಂಗ್, ತಪ್ಪೇ.

ಮಿಕ್ಕದ್ದು ಕಾಗದದ ಕೆಲಸ. ವಿಲೇಜ್ ಆಫೀಸಿನಿಂದ ಹೊಸ ವರಮಾನ ಸರ್ಟಿಫಿಕೇಟ್ ತರಿಸಿದೆವು. ಅದು ಗೆರೆಗಿಂತ ಎಷ್ಟೋ ಕೆಳಗಿತ್ತು. ಓಮ್ನಿ ಆಮಿನಾಳ ಗಂಡನ ಹೆಸರಿನಲ್ಲಿದ್ದದ್ದು ದಾಖಲಾಯಿತು. ನಾನು ನಿವೃತ್ತಳಾಗುವ ಮುಂಚೆ ಪಿಂಕ್ ಕಾರ್ಡ್ ಕೇಣಿಚಿರಕ್ಕೆ ಹೋಯಿತು.

ಗೆರೆಯನ್ನು ನಾನು ಇಂದಿಗೂ ದೂರುವುದಿಲ್ಲ. ಆದರೆ ಅದು ಅರ್ಜಿದಾರರಿಂದ ಒಂದು ವಿಚಿತ್ರ ಪರೀಕ್ಷೆ ಬರೆಸುತ್ತದೆ ಎನ್ನುವುದು ಗೌಡರ ಮನೆಯಲ್ಲಿ ತಿಳಿಯಿತು. ಬಡವ ಆಗಿದ್ದರೆ ಸಾಲದು, ಬಡವನ ಹಾಗೆ ಕಾಣಲೂ ಬರಬೇಕು. ಕಾರನ್ನು ಪಕ್ಕದ ಮನೆಗೆ ದಾಟಿಸಿದವನು ಅದರಲ್ಲಿ ಪಾಸಾಗುತ್ತಾನೆ. ಪಕ್ಕದ ಮನೆಯಿಂದ ತಂದು ನಿಲ್ಲಿಸಿದವನು ಫೇಲ್. ಆಮೇಲಿನ ತಿಂಗಳುಗಳಲ್ಲಿ ನಮ್ಮ ಇನ್‌ಸ್ಪೆಕ್ಟರುಗಳಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ: ಜಗಲಿಯಲ್ಲಿ ಕೇಳಿದ್ದನ್ನು ಜಗಲಿಯಲ್ಲೇ ನಂಬಬೇಡಿ, ಬಡತನವಾಗಲಿ ಸಿರಿತನವಾಗಲಿ. ಹಿತ್ತಲ ದಾರಿಯಲ್ಲಿ ಯಾರು ಯಾವ ಹೊತ್ತಿಗೆ ಹೋಗಿ ಬರುತ್ತಾರೆ, ಅದನ್ನೂ ವಿಚಾರಿಸಿ.

ನಿವೃತ್ತಿಯಾಗಿ ಕೆಲವು ತಿಂಗಳ ಮೇಲೆ ಆ ಕಡೆ ಹೋದಾಗ ಗೌಡರ ಮನೆಗೆ ಹೋದೆ. ಫೋನ್ ಮಾಡಲಿಲ್ಲ. ಅಂಗಳದಲ್ಲಿ ಕಾರಿಲ್ಲ, ಜಗಲಿಯಲ್ಲಿ ಕುರ್ಚಿಯಿಲ್ಲ. ಸುಮತಿ ಮುಂದಿನ ದಾರಿಯಲ್ಲೇ ಕೆಲಸದಿಂದ ಬಂದಳು, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ.

"ಆಮಿನಾಳ ಮನೆಯಿಂದ ಒಂದು ಕುರ್ಚಿ ತರಿಸ್ತೀನಿ," ಎಂದು ಗೌಡರು ಎದ್ದರು.

"ಬೇಡ," ಎಂದು ಸುಮತಿ ಚಾಪೆ ಬಿಡಿಸಿದಳು. "ಅವತ್ತು ಆಫೀಸರು ಬಂದಿದ್ರು. ಇವತ್ತು ಅಕ್ಕ ಬಂದಿದ್ದಾರೆ."

ಮಂಡಿ ನೋಯುತ್ತಿದ್ದರೂ ನೆಲಕ್ಕೆ ಕೂತೆ. ಹೊತ್ತು ಇನ್ನೂ ಇತ್ತು. ಸಿಸ್ಟರ್ ಕ್ಷಮಿಸಲಿ, ಊಟ ಬಡಿಸಿದಾಗ ನಾನು ಅವರ ತಟ್ಟೆಗಳ ಒಳಗೆ ಇಣುಕಿದೆ. ಮೂರು ತಟ್ಟೆ ಇದ್ದವು. ಮೂರರಲ್ಲೂ ಅನ್ನ ಇತ್ತು.