ಅಕ್ಕನ ಕಾರಿನ ಟಿಕ್ ಟಿಕ್

ನನ್ನ ಅಕ್ಕ ಶಿಕಾರಿಪುರದ ನಮ್ಮ ಮನೆಯ ಮುಂಗೋಣೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಹೊಲಿದದ್ದನ್ನು ತನ್ನ ಹಳೆಯ ಕಾರಿನಲ್ಲಿ ಸೊರಬದ ಅಂಗಡಿಗಳಿಗೆ ಕೊಟ್ಟು ಬರುತ್ತಾಳೆ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಹೋಯಿತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ, ತಾನೂ ಚೆನ್ನಾಗಿ ಮಾತಾಡುತ್ತಾಳೆ. ಲೈಸೆನ್ಸನ್ನು ಹಟ ಹಿಡಿದೇ ಪಡೆದವಳು.

ಒಂದು ಸಂಜೆ ಸೊರಬದಿಂದ ಬಂದವಳ ಮುಖ ಬಿಳಿಚಿಕೊಂಡಿತ್ತು. ಶಿರಾಳಕೊಪ್ಪ ದಾಟಿದ ಮೇಲೆ ಒಂದು ಲಾರಿಯನ್ನು ಹಿಂದೆ ಹಾಕಿದ್ದಾಳೆ; ಬಲಗಡೆಯ ಇಂಡಿಕೇಟರ್ ಹಾಗೇ ಉಳಿದುಬಿಟ್ಟಿದೆ. ಇವಳು ಬಲಕ್ಕೆ ತಿರುಗುತ್ತಾಳೆಂದು ನಂಬಿದ ಬೈಕಿನವನೊಬ್ಬ ಎಡಗಡೆಯಿಂದ ನುಗ್ಗಿದ್ದಾನೆ; ಎಡಕ್ಕೆ ಸರಿಯುತ್ತಿದ್ದ ಕಾರಿಗೆ ತಗುಲುವುದು ಕೂದಲೆಳೆಯಲ್ಲಿ ತಪ್ಪಿದೆ.

“ಆಮೇಲೆ ಕಿಟಕಿ ಹತ್ರ ಬಂದು ಬೈದ. ‘ಅಷ್ಟೊತ್ತಿಂದ ಸದ್ದು ಬರ್ತಿರ್ತೈತಲ್ಲ, ಕೇಳಂಗಿಲ್ವೇನ್ರೀ’ ಅಂದ” ಎಂದು ಹೇಳಿ ಅಕ್ಕ ನನ್ನ ಮುಖವನ್ನೇ ನೋಡಿದಳು. “ಯಾವ ಸದ್ದು ಕಣೋ?”

ಇಂಡಿಕೇಟರಿನ ಸದ್ದು ಎಂದು ಹೇಳಿದೆ. ಇಂಡಿಕೇಟರ್ ಹಾಕಿದರೆ ಕಾರಿನೊಳಗೆ ಟಿಕ್ ಟಿಕ್ ಎನ್ನುತ್ತದೆ ಎಂಬುದು ಇಷ್ಟು ವರ್ಷ ಓಡಿಸಿದ ಅವಳಿಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

“ಎಲ್ಲಿಂದ ಬರ್ತೈತೆ ಅದು? ದೀಪದೊಳಗಿಂದಾನಾ?”

ಇಲ್ಲಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗೂ ಅದು ಖಚಿತವಾಗಿ ತಿಳಿದಿರಲಿಲ್ಲ. ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಅಂಗಳದಲ್ಲಿ ನಿಂತಿದ್ದ ಕಾರಿನ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಜೋಡಿಸಿದೆ. ಕಾರಿನೊಳಗಿನ ಪುಟ್ಟ ಪುಟ್ಟ ಕಂಪ್ಯೂಟರುಗಳು ಒಂದೇ ಜೋಡಿ ತಂತಿಯ ಮೇಲೆ ಒಂದಕ್ಕೊಂದು ಸಂದೇಶ ಕಳಿಸುತ್ತಿರುತ್ತವೆ. ಆ ಸಂದೇಶಗಳು ಪರದೆಯ ಮೇಲೆ ಅಂಕಿ ಅಕ್ಷರಗಳ ಸಾಲುಗಳಾಗಿ ಸುರಿಯತೊಡಗಿದವು. ಎಂಜಿನ್ ಶುರುಮಾಡದೆ ಕೀಲಿ ಮಾತ್ರ ತಿರುಗಿಸಿ ಕೂತ ಅಕ್ಕ ಇಂಡಿಕೇಟರ್ ಹಾಕುತ್ತ, ತೆಗೆಯುತ್ತ ಹೋದಳು. ನನಗಿಂತ ಮೊದಲು ಅವಳೇ ಬೆರಳಿಟ್ಟು ತೋರಿಸಿದಳು.

“ಈ ಸಾಲು ನೋಡು. ನಾ ಹಾಕಿದಾಗೆಲ್ಲ ಇಲ್ಲೊಂದು ಅಂಕಿ ಬದಲಾಗ್ತೈತೆ.”

ಅದೇ ಸಾಲನ್ನು ನಾನು ಕಮಾಂಡ್ ಲೈನಿನಲ್ಲಿ ಟೈಪ್ ಮಾಡಿ, ತಂತಿಗೆ ಕಳಿಸಲು ಎಂಟರ್ ಒತ್ತಿದೆ. ಇಂಡಿಕೇಟರನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಕಾರು ‘ಟಿಕ್’ ಎಂದಿತು. ಒಂದೇ ಸಲ. ಸ್ವಿಚ್ಚಿನ ಕಡೆಯ ಕಂಪ್ಯೂಟರು “ಆಫ್ ಇದೆ, ಆಫ್ ಇದೆ” ಎಂದು ಬಿಡದೆ ಹೇಳುತ್ತಿದ್ದುದರಿಂದ ನನ್ನ ಸಂದೇಶ ಉಳಿಯಲಿಲ್ಲ. ಅದಕ್ಕಿಂತ ಚುರುಕಾಗಿ ನನ್ನ ಸಂದೇಶವೇ ಮತ್ತೆ ಮತ್ತೆ ಹೋಗುವಂತೆ ಮಾಡಿದೆ. ಮೀಟರ್ ಬೋರ್ಡಿನ ಹಸಿರು ಬಾಣ ಮಿನುಗತೊಡಗಿತು, ಟಿಕ್ ಟಿಕ್ ಶುರುವಾಯಿತು.

ಅಕ್ಕ ಇಳಿದು ಕಾರಿನ ಸುತ್ತ ಬಂದಳು. “ಹೊರಗೆ ದೀಪ ಉರೀತಾನೇ ಇಲ್ಲ!”

ಹಾಗಾದರೆ ಸದ್ದು ದೀಪದ್ದಲ್ಲ, ಸಂದೇಶ ಕೇಳಿ ಮೀಟರ್ ಬೋರ್ಡೇ ಮಾಡುವಂಥದ್ದು. ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು.

ನನಗೆ ಹುರುಪು ಬಂತು. ಇಂಡಿಕೇಟರ್ ಬಹಳ ಹೊತ್ತು ಉಳಿದರೆ, ಕಾರು ಓಡುವಾಗಲೇ ಸಂದೇಶ ಕಳಿಸಿ ಮೀಟರ್ ಬೋರ್ಡಿನ ಎಚ್ಚರಿಕೆಯ ದೊಡ್ಡ ಕೆಂಪು ದೀಪ ಹೊತ್ತಿಸಬಹುದು ಎಂದೆ.

“ಬ್ಯಾಡ” ಎಂದಳು ಅಕ್ಕ. “ನಾ ಓಡಿಸ್ತಿರೋವಾಗ ಕಾರಿಗೆ ಸುಳ್ಳು ಹೇಳಬ್ಯಾಡ. ನಾಳೆ ನಿಜವಾಗ್ಲೂ ಕೆಂಪು ಹತ್ತಿದರೆ ನಾ ಯಾವುದನ್ನ ನಂಬ್ಲಿ? ನೀ ಬರೀ ಕೇಳಿಸ್ಕೊಂಡು ನನಗೆ ಹೇಳಂಗೆ ಮಾಡು.”

ಅವಳ ಮಾತು ಸರಿ ಎನಿಸಿತು. ಆ ತಂತಿಯ ಮಾತನ್ನು ಕೇಳಲು ಮಾತ್ರ ಬಲ್ಲ, ತಾನೇನೂ ಹೇಳಲಾರದ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿದೆ. ಇಂಡಿಕೇಟರ್ ಉಳಿದಷ್ಟು ಹೊತ್ತೂ ಅದು ಮೊಬೈಲಿನಲ್ಲಿರುವಂಥ ಅದುರುವ ಮೋಟರೊಂದನ್ನು ತಿರುಗಿಸುತ್ತಿತ್ತು. ಸೀಟಿನ ಕವರಿಗೆ ಸಮವಸ್ತ್ರದ ನೀಲಿ ಬಟ್ಟೆಯಲ್ಲಿ ಕಿಸೆ ಹೊಲಿದು, ಅಕ್ಕನೇ ಆ ಮೋಟರನ್ನು ಅದರೊಳಗೆ ಕೂರಿಸಿದಳು.

ಮುಂದಿನ ಸಲ ಸೊರಬಕ್ಕೆ ನಾನೂ ಜೊತೆಗೆ ಹೋದೆ. ಊರು ಬಿಟ್ಟ ಸ್ವಲ್ಪದರಲ್ಲೇ ಅಕ್ಕ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿ ಎಡಕ್ಕೆ ಬಂದಳು. ಬಲಗಡೆಯ ಹಸಿರು ಬಾಣ ಇನ್ನೂ ಮಿನುಗುತ್ತಲೇ ಇತ್ತು. ಅವಳು ಸೀಟಿನಲ್ಲೇ ಕೊಂಚ ನೆಟ್ಟಗಾಗಿ, ಬೆರಳಿನಿಂದ ಇಂಡಿಕೇಟರ್ ತೆಗೆದಳು. ಕಣ್ಣು ರಸ್ತೆಯ ಮೇಲೇ ಇತ್ತು.

“ಬೆನ್ನಿಗೆ ಕಚಗುಳಿ ಆಗ್ತೈತೆ” ಎಂದಳು.